ಬಿಸಿ, ಹುಳಿ, ಜಿಡ್ಡು, ಹೊತ್ತು: ಕೋಲಾರ ಸೀಮೆಯ ಕ್ಯಾನು, ಕವರು, ಕಾಗದದ ಕಥೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿ ಕೊರೆದೆವು. ಆಳಕ್ಕೆ ಇಳಿದ ಹಾಗೆ ಅನೇಕ ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡಿತು. ಬೇರೆ ನೀರಿಲ್ಲದ ಕಡೆಯೂ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು ಎನ್ನುತ್ತದೆ ಭಾರತೀಯ ಮಾನಕ. ಹಲ್ಲಿನ ಮೇಲೆ ಕಂದು ಪಟ್ಟೆ ಬಂದ ಮಕ್ಕಳನ್ನೂ ಕೀಲುನೋವಿನಿಂದ ಬಾಗಿದ ಹಿರಿಯರನ್ನೂ ಕಂಡ ಊರುಗಳು ಶುದ್ಧ ಕುಡಿಯುವ ನೀರಿನ ಘಟಕಕ್ಕಾಗಿ ಅರ್ಜಿ ಹಾಕಿದವು, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುವುದನ್ನು ರೂಢಿ ಮಾಡಿಕೊಂಡವು. ಬೆಂಗಳೂರಿನವರಿಗೆ 20 ಲೀಟರ್ ಕ್ಯಾನ್ ಒಂದು ಅನುಕೂಲ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಯವರಿಗೆ ಅದು ಅನಿವಾರ್ಯ.

ಆದ್ದರಿಂದ ಈ ಸೀಮೆಯಲ್ಲಿ ನಿಂತು ‘ಪ್ಲಾಸ್ಟಿಕ್ ಬಿಟ್ಟುಬಿಡಿ’ ಎಂದು ಸಾರಾಸಗಟಾಗಿ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಯಾವ ಪದಾರ್ಥವನ್ನು, ಯಾವುದರಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಇಡುತ್ತೇವೆ ಎಂದು ಬಿಡಿಸಿ ಕೇಳಬೇಕು. ವಿಜ್ಞಾನ ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ. ನಮ್ಮ ಕಾನೂನು ಮಾತ್ರ ಬಹುಕಾಲ ಬೇರೆ ಕಡೆ ನೋಡುತ್ತಿತ್ತು.

ನಮ್ಮ ಅಜ್ಜಿಯರಿಗೆ ಈ ಪ್ರಶ್ನೆ ಗೊತ್ತಿತ್ತು. ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿದ ಸಾರು ರಾತ್ರಿಯಿಡೀ ಉಳಿದರೆ ಕಿಲುಬು ಬಿಡುತ್ತದೆ, ಉಂಡವರಿಗೆ ಹೊಟ್ಟೆ ತೊಳಸುತ್ತದೆ. ಹುಳಿಗೆ ತಾಮ್ರ ಕರಗುತ್ತದೆ ಎಂಬುದೇ ಅದರ ಹಿಂದಿನ ರಸಾಯನಶಾಸ್ತ್ರ. ಕಲಾಯಿಯವರು ಬೀದಿಯಲ್ಲಿ ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಅರಿವೆಯಿಂದ ಒಳಮೈಗೆಲ್ಲ ಸವರಿದರೆ ಹುಳಿಗೂ ತಾಮ್ರಕ್ಕೂ ನಡುವೆ ಒಂದು ತೆಳುಪರೆ ನಿಲ್ಲುತ್ತಿತ್ತು. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ, ಮೊಸರಿಗೆ ಮಣ್ಣಿನ ಗಡಿಗೆ ಎಂಬ ಏರ್ಪಾಟಿನ ಹಿಂದೆಯೂ ಇದೇ ವಿವೇಕ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯಡಿ 1955ರಲ್ಲಿ ಬಂದ ನಿಯಮಗಳು ತುಕ್ಕು ಹಿಡಿದ ಡಬ್ಬ, ಎನಾಮೆಲ್ ಕಿತ್ತುಹೋದ ಪಾತ್ರೆ, ಸರಿಯಾಗಿ ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಪಾತ್ರೆಗಳಲ್ಲಿ ಆಹಾರ ಮಾರಕೂಡದು ಎಂದವು. ಅಂದರೆ ಸ್ವತಂತ್ರ ಭಾರತದ ಕಾನೂನು ಈ ವಿಷಯವನ್ನು ಎತ್ತಿಕೊಂಡದ್ದೇ ಕಲಾಯಿಯ ಕಡೆಯಿಂದ.

ಪ್ಲಾಸ್ಟಿಕ್ ಬಂದಾಗ ಕಣ್ಣಿಗೆ ಕಾಣುವ ಕಿಲುಬು ಇಲ್ಲವಾಯಿತು. ಬಣ್ಣವಿಲ್ಲ, ವಾಸನೆಯಿಲ್ಲ, ತಿಂದ ಕೂಡಲೇ ಹೊಟ್ಟೆನೋವೂ ಇಲ್ಲ. ಹಾಗಾಗಿ ಅನುಮಾನ ಹುಟ್ಟಲು ತಡವಾಯಿತು.

ಬಿಸ್ಫಿನಾಲ್-ಎ ಎಂಬ ರಾಸಾಯನಿಕದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ 1936ರಲ್ಲೇ ತೋರಿಸಿದ್ದರು. 1953ರಲ್ಲಿ ಜರ್ಮನಿ, ಅಮೆರಿಕಗಳ ಎರಡು ಕಂಪನಿಗಳ ರಸಾಯನತಜ್ಞರು ಬೇರೆ ಬೇರೆಯಾಗಿ ಅದೇ ಬಿಸ್ಫಿನಾಲ್-ಎಯಿಂದ ಪಾಲಿಕಾರ್ಬೊನೇಟ್ ತಯಾರಿಸಿದರು. ಗಾಜಿನಷ್ಟು ತಿಳಿ, ಬಿದ್ದರೆ ಒಡೆಯುವುದಿಲ್ಲ. ಮಗುವಿನ ಹಾಲಿನ ಬಾಟಲಿ ಅದರಿಂದಾಯಿತು, ಗಟ್ಟಿಮುಟ್ಟಾದ ತಿಳಿನೀಲಿ ನೀರಿನ ಕ್ಯಾನೂ ಆಯಿತು. 1998ರಲ್ಲಿ ಅಮೆರಿಕದ ತಳಿವಿಜ್ಞಾನಿ ಪೆಟ್ರೀಶಿಯಾ ಹಂಟ್ ಅವರ ಪ್ರಯೋಗಾಲಯದ ಇಲಿಗಳ ಅಂಡಾಣುಗಳಲ್ಲಿ ಇದ್ದಕ್ಕಿದ್ದಂತೆ ವರ್ಣತಂತುಗಳ ದೋಷ ಹೆಚ್ಚಾಯಿತು. ಹುಡುಕುತ್ತಾ ಹೋದಾಗ ಕಾರಣ ಪಂಜರದಲ್ಲಿ ಸಿಕ್ಕಿತು. ಪಾಲಿಕಾರ್ಬೊನೇಟ್ ಪಂಜರಗಳನ್ನೂ ನೀರಿನ ಬಾಟಲಿಗಳನ್ನೂ ನೆಲ ತೊಳೆಯುವ ಕಡು ಮಾರ್ಜಕದಿಂದ ತಪ್ಪಾಗಿ ತೊಳೆದಿದ್ದರು. ಪ್ಲಾಸ್ಟಿಕ್‌ನ ಮೈ ಸವೆದು ಬಿಸ್ಫಿನಾಲ್-ಎ ನೀರಿಗೆ ಇಳಿದಿತ್ತು. ಈ ಸಂಶೋಧನೆ 2003ರಲ್ಲಿ ಪ್ರಕಟವಾಯಿತು.

ನಮ್ಮ ಸೀಮೆಯ ಕ್ಯಾನ್ ವ್ಯಾಪಾರದವರು ಮುಖ್ಯವಾಗಿ ಗಮನಿಸಬೇಕಾದ್ದು ಇದನ್ನೇ. ವರ್ಷಗಟ್ಟಲೆ ಸುತ್ತಿದ ಕ್ಯಾನಿನ ಒಳಗೆ ಟಾರ್ಚ್ ಬಿಟ್ಟು ನೋಡಿ: ಬ್ರಷ್ ಉಜ್ಜಿದ ಗೀರುಗಳು, ಮಂಜು ಕವಿದಂಥ ಮೈ, ತಳದಲ್ಲಿ ಹಸಿರು ಲೇಪ. ಆ ಹಸಿರು ತೆಗೆಯಲು ಬಿಸಿನೀರು, ಕಾಸ್ಟಿಕ್ ಸೋಡಾ ಹಾಕಿ ಉಜ್ಜುವವರಿದ್ದಾರೆ. ಶುಚಿಯ ಆಸೆಯಿಂದ ಮಾಡುವ ಕೆಲಸ ಅದು, ಆದರೆ ಕ್ಷಾರವೂ ಬಿಸಿಯೂ ಸೇರಿದರೆ ಪಾಲಿಕಾರ್ಬೊನೇಟ್ ಬಿಡಿಬಿಡಿಯಾಗುತ್ತದೆ. ಮಂಜಾದ ಕ್ಯಾನ್ ಎಷ್ಟು ತೊಳೆದರೂ ಹೊಸದಾಗದು. ಅದನ್ನು ಗುಜರಿಗೆ ಹಾಕಬೇಕು. ತುಂಬಿದ ಕ್ಯಾನುಗಳನ್ನು ಅಂಗಡಿಯ ಮುಂದೆ ಬಿಸಿಲಿಗೆ ಸಾಲಾಗಿ ನಿಲ್ಲಿಸುವುದೂ ನಿಲ್ಲಬೇಕು.

ಯುರೋಪ್ ಒಕ್ಕೂಟ 2011ರಲ್ಲಿ ಹಾಲಿನ ಬಾಟಲಿಗಳಲ್ಲಿ ಬಿಸ್ಫಿನಾಲ್-ಎ ನಿಷೇಧಿಸಿತು. 2023ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ದಿನವೊಂದಕ್ಕೆ ದೇಹ ತಾಳಬಲ್ಲ ಪ್ರಮಾಣವನ್ನು ಹಿಂದಿನದಕ್ಕಿಂತ 20,000 ಪಟ್ಟು ಇಳಿಸಿತು. ಇಷ್ಟು ಕಡಿತ ಬೇಕಿಲ್ಲ ಎಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ತಕರಾರು ತೆಗೆಯಿತು. ವಿಜ್ಞಾನಿಗಳ ನಡುವೆ ಆ ವಾದ ಇನ್ನೂ ಇದೆ. ಆದರೂ 2024ರ ಡಿಸೆಂಬರಿನಲ್ಲಿ ಯುರೋಪ್ ಆಹಾರ ತಾಗುವ ಬಹುತೇಕ ಎಲ್ಲ ವಸ್ತುಗಳಿಗೂ ನಿಷೇಧವನ್ನು ವಿಸ್ತರಿಸಿತು. ಭಾರತದಲ್ಲಿ 2015ರ ಮಾನಕ ಹಾಲಿನ ಬಾಟಲಿಯಿಂದ ಅದನ್ನು ಹೊರಗಿಟ್ಟಿತು. ಕೂಸಿಗೆ ಬೇಡವಾದದ್ದು ಬಸುರಿ ಹೆಂಗಸಿಗೆ ಹೇಗೆ ಆದೀತು ಎಂಬುದು ನನ್ನ ಪ್ರಶ್ನೆ.

ಒಂದು ಲೀಟರ್ ಬಾಟಲಿಯದು ಬೇರೆ ಜಾತಿ, ಪೆಟ್. ಅದರಲ್ಲಿ ಬಿಸ್ಫಿನಾಲ್-ಎ ಇಲ್ಲ. ತಯಾರಿಕೆಯಲ್ಲಿ ಬಳಸುವ ಆಂಟಿಮನಿ ಎಂಬ ಅರೆಲೋಹದ ಕುರುಹು ಇರುತ್ತದೆ. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದವರು ಬಾಟಲಿ ನೀರನ್ನು ಕಾಯಿಸಿ ಅಳೆದು 2008ರಲ್ಲಿ ಕೊಟ್ಟ ಲೆಕ್ಕ ನೆನಪಿಡುವಂಥದ್ದು. ಅಲ್ಲಿನ ಕುಡಿಯುವ ನೀರಿನ ಮಿತಿ ಮುಟ್ಟಲು 60 ಡಿಗ್ರಿಯಲ್ಲಿ 176 ದಿನ ಬೇಕು, 70 ಡಿಗ್ರಿಯಲ್ಲಿ 12 ದಿನ, 80 ಡಿಗ್ರಿಯಲ್ಲಿ ಎರಡೂ ಚಿಲ್ಲರೆ ದಿನ. ಕಾರಿನಲ್ಲಿ ಒಂದು ಮಧ್ಯಾಹ್ನ ಉಳಿದ ಬಾಟಲಿಯಿಂದ ವಿಷವೇರುತ್ತದೆ ಎಂಬ ವಾಟ್ಸಾಪ್ ಸಂದೇಶಕ್ಕೆ ಇದರಲ್ಲಿ ಆಧಾರವಿಲ್ಲ. ತಗಡಿನ ಗೋದಾಮಿನಲ್ಲಿ ಬೇಸಿಗೆಯಿಡೀ ಪೇರಿಸಿಟ್ಟ ಬಾಟಲಿಗಳ ಬಗ್ಗೆ, ಖಾಲಿ ಬಾಟಲಿಗೆ ಕುದಿನೀರು ತುಂಬುವವರ ಬಗ್ಗೆ ಮಾತ್ರ ಎಚ್ಚರಿಕೆ ಬೇಕು.

ಬಾಟಲಿ ನೀರಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2001ರಲ್ಲಿ. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬಾಟಲಿ ನೀರಿನಲ್ಲೇ ಕೀಟನಾಶಕ ತೋರಿಸಿದ ಮೇಲೆ ಮಾನಕ ಬಿಗಿಯಾಯಿತು. 2024ರ ನವೆಂಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು. ಮರುವರ್ಷ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ನಡೆಸಿದ ತಪಾಸಣೆಯಲ್ಲಿ ವಿಶ್ಲೇಷಣೆಗೊಂಡ ಬಾಟಲಿ ನೀರಿನ ಮಾದರಿಗಳ ಪೈಕಿ ಸುರಕ್ಷಿತವೆಂದು ಬಂದವು ಮೂರನೇ ಒಂದಕ್ಕಿಂತಲೂ ಕಡಿಮೆ. 2023ರಲ್ಲಿ ಉದ್ಘಾಟನೆಯಾದ ಯರಗೋಳ್ ಜಲಾಶಯದ ನೀರು ಕೋಲಾರ, ಮಾಲೂರು, ಬಂಗಾರಪೇಟೆಗಳ ನಲ್ಲಿಗೆ ನಿಯಮಿತವಾಗಿ ಬಂದಷ್ಟೂ ಈ ಕ್ಯಾನುಗಳ ಮೇಲಿನ ಅವಲಂಬನೆ ಇಳಿಯುತ್ತದೆ. ನಲ್ಲಿ ನೀರಿನ ಹೋರಾಟವೂ ಆಹಾರ ಸುರಕ್ಷತೆಯ ಹೋರಾಟವೇ.

ನನಗೆ ನೀರಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಪಾರ್ಸೆಲ್. ಕೋಲಾರ, ಮಾಲೂರುಗಳ ಸುತ್ತ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಪಾಳಿಗೆ ಹೋಗುವವರ ಊಟ ಕವರಿಗೆ ಇಳಿಯಿತು. ತೆಳ್ಳನೆಯ ಕವರಿಗೆ ಕುದಿಯುವ ಸಾಂಬಾರು ಸುರಿದು, ಗಾಳಿ ತುಂಬಿಸಿ, ದಾರ ಸುತ್ತಿ ಕೊಡುತ್ತಾರೆ. ಸಾಂಬಾರಿನಲ್ಲಿ ಹುಣಸೆಹುಳಿ ಇದೆ, ಒಗ್ಗರಣೆಯ ಎಣ್ಣೆ ಇದೆ, ಬಿಸಿ ಇದೆ, ಮಧ್ಯಾಹ್ನದ ಊಟದವರೆಗೆ ಹೊತ್ತೂ ಇದೆ. ಪ್ಲಾಸ್ಟಿಕ್‌ನಲ್ಲಿ ಬೆರೆಸಿದ ರಾಸಾಯನಿಕಗಳನ್ನು ಹೊರಗೆಳೆಯಲು ಬೇಕಾದ ನಾಲ್ಕೂ ಒಂದೇ ಗಂಟಿನಲ್ಲಿ! ಮುಳಬಾಗಿಲಿನ ದೋಸೆ ನಾಡಿಗೇ ಹೆಸರುವಾಸಿ. ತಟ್ಟೆಯಲ್ಲಿ ತಿಂದರೆ ಅದಕ್ಕೆ ಸಾಟಿಯಿಲ್ಲ. ಅಂಥದ್ದೇ ಬಿಸಿ ದೋಸೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮಡಚಿ, ಮೇಲೆ ಹಳೆಯ ಪೇಪರ್ ಸುತ್ತಿ ಮನೆಗೆ ತಂದು ಬಿಚ್ಚಿದರೆ ಹಾಳೆ ಮುದುರಿಕೊಂಡಿರುತ್ತದೆ, ತುಪ್ಪ ಸೋರಿದ ಕಡೆ ಪೇಪರಿನ ಅಕ್ಷರ ಉಲ್ಟಾ ಅಚ್ಚಾಗಿರುತ್ತದೆ. ಅದೇ ದೋಸೆಗೆ ಬಾಳೆಲೆ ಸುತ್ತಿದರೆ ಆಗುವ ನಷ್ಟವೇನೂ ಇಲ್ಲ.

ಪೇಪರಿನ ಮಸಿಯಲ್ಲಿ ಖನಿಜ ತೈಲ ಇರುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸರ್ಕಾರಿ ಪ್ರಯೋಗಾಲಯದಲ್ಲಿ ಕೋನಿ ಗ್ರೋಬ್ ಅವರ ತಂಡ ಮರುಬಳಕೆಯ ರಟ್ಟಿನ ಡಬ್ಬಿಯಿಂದ ಒಣ ಪದಾರ್ಥಕ್ಕೂ ಈ ತೈಲ ಸೇರುವುದನ್ನು ತೋರಿಸಿತು. ಒಣ ಅಕ್ಕಿಗೇ ಹೀಗಾದರೆ ಬಾಣಲೆಯಿಂದ ಎತ್ತಿದ ಬೋಂಡಾದ ಗತಿ ಏನು? ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರಿನಲ್ಲಿ ಪೇಪರ್ ಸುತ್ತುವುದರ ವಿರುದ್ಧ ಸೂಚನೆ ಕೊಟ್ಟಿತು, 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ಅದನ್ನು ನಿಷೇಧವಾಗಿಸಿತು, 2023ರಲ್ಲಿ ಮತ್ತೊಮ್ಮೆ ನೆನಪಿಸಿತು. ಬೋಂಡಾ ಇನ್ನೂ ಪೇಪರಿನಲ್ಲೇ ಇದೆ.

2018ರ ಆ ನಿಯಮಗಳು 2019ರ ಜುಲೈ 1ರಂದು ಜಾರಿಗೆ ಬಂದವು. ಪ್ಲಾಸ್ಟಿಕ್‌ನಿಂದ ಒಂದು ಕಿಲೋ ಆಹಾರಕ್ಕೆ ಒಟ್ಟು 60 ಮಿಲಿಗ್ರಾಂಗಿಂತ ಹೆಚ್ಚು ಇಳಿಯಬಾರದು, ಆಂಟಿಮನಿ 0.04, ಪ್ಲಾಸ್ಟಿಕ್ ಮೆದುಗೊಳಿಸುವ ಡಿಇಎಚ್‌ಪಿ ಎಂಬ ಥ್ಯಾಲೇಟ್ 1.5 ಮಿಲಿಗ್ರಾಂ ಮೀರಬಾರದು ಎಂದು ಗೊತ್ತುಪಡಿಸಿದವು. ಪರೀಕ್ಷೆಯ ವಿಧಾನ ನೋಡಿದರೆ ಅಜ್ಜಿಯರ ವಿವೇಕವೇ ಪ್ರಯೋಗಾಲಯಕ್ಕೆ ಬಂದಂತಿದೆ. ಹುಳಿಗೆ ಬದಲಾಗಿ ಶೇ 3ರ ಅಸಿಟಿಕ್ ಆಮ್ಲ, ಜಿಡ್ಡಿಗೆ ಬದಲಾಗಿ ಹೆಪ್ಟೇನ್, ಜೊತೆಗೆ ಗೊತ್ತಾದ ಬಿಸಿ, ಗೊತ್ತಾದ ಹೊತ್ತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಪ್ಯಾಕೇಜಿಂಗ್‌ಗೆಂದೇ ಪ್ರತ್ಯೇಕ ವಿಭಾಗವಿದೆ. ಅಂದರೆ ತಿಳಿವಳಿಕೆಗೆ ನಾವು ದೂರ ಹೋಗಬೇಕಿಲ್ಲ.

ತೊಡಕು ಇರುವುದು ಬೇರೆ ಕಡೆ. ಜನರಿಗೆ ಗೊತ್ತಿರುವ ಪ್ಲಾಸ್ಟಿಕ್ ಕಾನೂನು ಕಸದ ಕಾನೂನು. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ದಪ್ಪ ಎಷ್ಟೇ ಇರಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ಏಕಬಳಕೆ ನಿಷೇಧ, ಅದೇ ವರ್ಷದ ಕೊನೆಗೆ ಕೈಚೀಲಕ್ಕೆ 120 ಮೈಕ್ರಾನ್ ದಪ್ಪದ ನಿಯಮ. ಎಲ್ಲವೂ ಚರಂಡಿ ಕಟ್ಟಿಕೊಳ್ಳುವುದನ್ನು, ದನದ ಹೊಟ್ಟೆ ಸೇರುವುದನ್ನು ತಪ್ಪಿಸಲು ಬಂದವು, ಅಗತ್ಯವೇ. ಆದರೆ ಚೀಲ ದಪ್ಪವಾದ ಮಾತ್ರಕ್ಕೆ ಬಿಸಿ ಸಾಂಬಾರಿಗೆ ಅದು ಯೋಗ್ಯವಾಗುವುದಿಲ್ಲ. ಕಸದ ಇಲಾಖೆಯವರು ದಪ್ಪ ಅಳೆದು ಹೋಗುತ್ತಾರೆ, ಆಹಾರ ಇಲಾಖೆಯವರು ಕಲಬೆರಕೆ ನೋಡಿ ಹೋಗುತ್ತಾರೆ. ಸೌಟಿನಿಂದ ಕವರಿಗೆ ಬೀಳುವ ಆ ಗಳಿಗೆಯನ್ನು ನೋಡುವವರು ಬಹಳ ಕಾಲ ಯಾರೂ ಇರಲಿಲ್ಲ.

2025ರ ಫೆಬ್ರುವರಿಯಲ್ಲಿ ಅದು ಬದಲಾಯಿತು. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದಾರೆ ಎಂಬ ದೂರಿನ ಮೇಲೆ ಆಹಾರ ಸುರಕ್ಷತಾ ಇಲಾಖೆ ರಾಜ್ಯದ 250ಕ್ಕೂ ಹೆಚ್ಚು ಕಡೆ ತಪಾಸಣೆ ನಡೆಸಿತು. ಐವತ್ತಕ್ಕೂ ಹೆಚ್ಚು ಕಡೆ ಪ್ಲಾಸ್ಟಿಕ್ ಸಿಕ್ಕಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೋಟೆಲುಗಳಲ್ಲಿ ಅದರ ಬಳಕೆ ನಿಷೇಧಿಸುವುದಾಗಿ ಪ್ರಕಟಿಸಿದರು. ದಪ್ಪವನ್ನೂ ಕಸವನ್ನೂ ಬಿಟ್ಟು ಬಿಸಿಯನ್ನೇ ಹಿಡಿದು ನಮ್ಮಲ್ಲಿ ನಡೆದ ಇಂಥ ದೊಡ್ಡ ಕ್ರಮ ಇದಕ್ಕೂ ಹಿಂದೆ ನನ್ನ ನೆನಪಿನಲ್ಲಿಲ್ಲ. ಇದೇ ದಾರಿ ಸಾಂಬಾರಿನವರೆಗೆ ಸಾಗಬೇಕು.

ಪ್ಲಾಸ್ಟಿಕ್ ಬಿಟ್ಟು ಕಾಗದಕ್ಕೆ ಹೋದರೆ ಮುಗಿಯಿತೇ ಎಂದರೆ ಅದೂ ಇಲ್ಲ. ಟೀ ಅಂಗಡಿಯ ಪೇಪರ್ ಕಪ್ಪಿನ ಒಳಗೆ ಪಾಲಿಥೀನ್ ಲೇಪವಿದೆ. ಖರಗ್‌ಪುರ ಐಐಟಿಯ ಸುಧಾ ಗೋಯಲ್ ಅವರ ತಂಡ ಅದಕ್ಕೆ 100 ಮಿಲಿಲೀಟರ್ ಬಿಸಿನೀರು ಹಾಕಿ 15 ನಿಮಿಷ ಬಿಟ್ಟಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಎಣ್ಣೆ ಹೀರದ ಕೆಲವು ಕಾಗದಗಳಿಗೆ ಪಿಎಫ್‌ಎಎಸ್ ಎಂಬ, ಪರಿಸರದಲ್ಲಿ ಕರಗದೇ ಉಳಿಯುವ ರಾಸಾಯನಿಕಗಳನ್ನು ಬಳಿಯುತ್ತಿದ್ದರು. ಡೆನ್ಮಾರ್ಕ್ 2020ರಲ್ಲಿ ಅದನ್ನು ನಿಷೇಧಿಸಿತು. ಗಾಜಿನ ಲೋಟ, ಸ್ಟೀಲ್ ಲೋಟ ತೊಳೆಯುವ ಅಂಗಡಿಗೆ ಹೋಗುವುದೇ ಮೇಲು.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಹುಲ್ಲಿನಲ್ಲಿ ಅಡೆ ಹಾಕಿ ಮಾಗಿಸುತ್ತಿದ್ದ ಹಣ್ಣಿನ ನಡುವೆ ಕ್ಯಾಲ್ಸಿಯಂ ಕಾರ್ಬೈಡಿನ ಪೊಟ್ಟಣ ಸೇರಿದ್ದು ಆತುರದ ಮಾರುಕಟ್ಟೆಯಿಂದ. ಅದರ ಅನಿಲದ ಜೊತೆ ಆರ್ಸೆನಿಕ್, ರಂಜಕದ ಅಂಶಗಳು ಬರುತ್ತವೆ; ಹಣ್ಣು ಮಾಗಿಸಲು ಅದರ ಬಳಕೆ ನಿಷಿದ್ಧ. ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿ ಇದೆ. ಕೋಲಾರ ಎಪಿಎಂಸಿಯ ಟೊಮೆಟೊ ಕ್ರೇಟುಗಳ ಬಗ್ಗೆ ಹೆದರುವುದು ಬೇಡ. ಇಡೀ ಹಣ್ಣು, ತಣ್ಣಗಿನ ಪ್ಲಾಸ್ಟಿಕ್, ಅಲ್ಪ ಹೊತ್ತು. ನಂದಿನಿ ಹಾಲಿನ ಪ್ಯಾಕೆಟ್ಟೂ ತಣ್ಣಗಿರುವಷ್ಟು ಹೊತ್ತು ಚಿಂತೆಯ ವಿಷಯವಲ್ಲ. ಪ್ಯಾಕೆಟ್ಟನ್ನೇ ಬಿಸಿನೀರಿನಲ್ಲಿ ಅದ್ದಿ ಕಾಯಿಸಬೇಡಿ, ಅಷ್ಟೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಗರಸಭೆ, ಪುರಸಭೆಗಳಿಗೆ ನನ್ನ ಕೋರಿಕೆ ಒಂದೇ: ಹೋಟೆಲುಗಳ ಪರವಾನಗಿ ನವೀಕರಿಸುವಾಗ ಬಿಸಿ ಪದಾರ್ಥವನ್ನು ಕವರಿಗೆ, ಪೇಪರಿಗೆ ಹಾಕುವುದಿಲ್ಲ ಎಂಬ ಷರತ್ತನ್ನು ಬರೆಸಿಕೊಳ್ಳಿ. ಹೋಟೆಲಿನವರು ಸ್ಟೀಲ್ ಡಬ್ಬಿ ತಂದ ಗಿರಾಕಿಗೆ ಒಂದು ಸೌಟು ಸಾಂಬಾರು ಹೆಚ್ಚು ಹಾಕಲಿ. ಓದುವ ನೀವು ನಾಳೆ ಪಾರ್ಸೆಲ್ ತರಲು ಹೋಗುವಾಗ ಕೈಯಲ್ಲೊಂದು ಡಬ್ಬಿ ಹಿಡಿದುಕೊಂಡು ಹೋಗಿ.