ಠಸ್ಸೆಯಿಂದ ಗುಂಡಿಗೆ

ಗ್ರಾಮ ಪಂಚಾಯತ್ ಚುನಾವಣೆ ಬಂತೆಂದರೆ ನಮ್ಮ ಸಿದ್ದಾಪುರದಲ್ಲಿ ಮತಪೆಟ್ಟಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ. 2020ರ ಡಿಸೆಂಬರಿನಲ್ಲೂ ಬೀದರ್ ಜಿಲ್ಲೆಯೊಂದನ್ನು ಬಿಟ್ಟರೆ ರಾಜ್ಯವಿಡೀ ಮತಪತ್ರವೇ. ಲೋಕಸಭೆಗಾದರೆ 2004ರಲ್ಲೇ ದೇಶದ 543 ಕ್ಷೇತ್ರಗಳಿಗೂ ಮತಯಂತ್ರ ಬಂದಿತ್ತು. ಮಾಸ್ತರಿಕೆಯ ಜೊತೆ ಚುನಾವಣಾ ಡ್ಯೂಟಿಯನ್ನೂ ಮಾಡಿದ ನನಗೆ ಎರಡರ ಒಳಗುಟ್ಟೂ ಗೊತ್ತು.

ಠಸ್ಸೆಯ ಬಾಣದ ಗುರುತು ಒಂದು ದಿಕ್ಕಿಗೆ ತಿರುಗಿದಂತೆ ಇರುತ್ತದೆ. ಮತಪತ್ರ ಮಡಚುವಾಗ ಹಸಿ ಶಾಯಿ ಬೇರೆ ಚಿಹ್ನೆಗೆ ಮೆತ್ತಿದರೆ ಅಲ್ಲಿ ಗುರುತು ಉಲ್ಟಾ ಮೂಡುತ್ತದೆ. ಅಸಲು ಯಾವುದೆಂದು ಹಾಗೆ ಪತ್ತೆ. ಆದರೆ ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದರೆ? ಗದ್ದೆ ಕೆಲಸ ಬಿಟ್ಟು ಬಂದು ಸಾಲಿನಲ್ಲಿ ನಿಂತ ಎಷ್ಟೋ ಹಿರಿಯರ ಮತ ಹೀಗೆ ತಿರಸ್ಕೃತವಾಯಿತು. ಅದು ನನಗೆ ಇಂದಿಗೂ ಸಂಕಟ. ಯಂತ್ರ ಆ ಅನ್ಯಾಯವನ್ನು ತಪ್ಪಿಸಿತು. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಮತಪತ್ರವಾಗಿದ್ದರೆ ತಿರಸ್ಕೃತ ಮತಗಳ ತಗಾದೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

ಆದರೂ ಯಂತ್ರದ ಮೇಲೆ ತಕರಾರು ಇದೆ, ಅದು ಹೊಸದಲ್ಲ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಯಂತ್ರ ಇಟ್ಟಾಗ ಅದಕ್ಕೆ ಕಾನೂನಿನ ಬಲವೇ ಇರಲಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತಗಟ್ಟೆಗಳ ಮತದಾನವನ್ನು ರದ್ದು ಮಾಡಿತು. ಮರುಮತದಾನದಲ್ಲಿ ಫಲಿತಾಂಶವೇ ಬದಲಾಯಿತು. ಕಾನೂನು ತಿದ್ದುಪಡಿ ಜಾರಿಗೆ ಬಂದದ್ದು 1989ರಲ್ಲಿ.

"ಮಾಷ್ಟ್ರೇ, ಒತ್ತಿದ್ದ್ ಸೈ, ಅದ್ ಯಾರಿಗ್ ಬಿತ್ತಂದೇಳಿ ಗೊತ್ತಾಪ್ದ್ ಹ್ಯಾಂಗೆ?" ಎಂದು ನಮ್ಮೂರಿನ ಅಜ್ಜಿಯೊಬ್ಬರು ಕೇಳಿದ್ದರು. ಬೆಳಿಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿ, ಎಲ್ಲ ಅಳಿಸಿ, ಸೀಲ್ ಹಾಕಿ, ಸಂಜೆ ಒಟ್ಟು ಮತವನ್ನು 17ಸಿ ನಮೂನೆಯಲ್ಲಿ ಬರೆದು ಅವರ ಕೈಗೆ ಕೊಡುತ್ತೇವೆ. ಇಷ್ಟು ಹೇಳಿದರೂ ಅಜ್ಜಿಯ ಪ್ರಶ್ನೆ ಹಾಗೇ ಉಳಿಯಿತು. ವಿಶೇಷ ಪರಿಣತಿ ಇಲ್ಲದ ಪ್ರಜೆಯೂ ಎಣಿಕೆಯನ್ನು ಪರಿಶೀಲಿಸುವಂತಿರಬೇಕು ಎಂದು 2009ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಹೇಳಿದ್ದೂ ಇದೇ ಮಾತು. ನಮ್ಮಲ್ಲಿ ಮತ ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸುವ ವಿವಿಪ್ಯಾಟ್ ಬಂತು, ಗಾಜಿನ ಹಿಂದೆ ಏಳು ಸೆಕೆಂಡ್ ಚೀಟಿ ಕಾಣುತ್ತದೆ. ಆದರೆ ಎಣಿಸುವುದು ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಯ ಚೀಟಿ ಮಾತ್ರ.

ಎಲ್ಲವನ್ನೂ ಎಣಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು. ಅದೇ ದಿನ ಕುಂದಾಪುರದಲ್ಲಿ ಮತದಾನ ನಡೆಯುತ್ತಿತ್ತು. ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಬೈಂದೂರಿನಲ್ಲಿ ಮೇ 7ಕ್ಕೆ. ಯಂತ್ರ ಬೇಡ ಎನ್ನುವವನು ನಾನಲ್ಲ, ಠಸ್ಸೆಯ ಕಾಲ ಮರಳುವುದೂ ಬೇಡ. ಆದರೆ ಚೀಟಿಗಳು ಹೇಗೂ ಪೆಟ್ಟಿಗೆಯಲ್ಲೇ ಇವೆ. ಎಣಿಕೆ ಒಂದು ದಿನ ತಡವಾದರೂ ಇನ್ನಷ್ಟು ಮತಗಟ್ಟೆಗಳ ಚೀಟಿಯನ್ನು ಏಜೆಂಟರ ಕಣ್ಣೆದುರೇ ಎಣಿಸಲಿ.