ಮಂಜು ಯಾರ ಕಣ್ಣಿಗೆ?

ನಾನು ಹುಡುಗನಾಗಿದ್ದಾಗ ನಮ್ಮೂರ ಗುಡಿ ಮುಂದೆ ಹರಿಕಥೆ ನಡೆಯುತ್ತಿತ್ತು. ಕೇರಿಯವರು ನಾವು ದೂರದ ಹುಣಸೆಮರದ ಕೆಳಗೆ ಕೂತು ಕೇಳಬೇಕು. ಒಂದು ರಾತ್ರಿ ಮತ್ಸ್ಯಗಂಧಿಯ ಪ್ರಸಂಗ. ಪರಾಶರ ಮುನಿ ದೋಣಿ ಹತ್ತಿದ್ದು, ಮಂಜು ಕವಿಸಿದ್ದು, ಮೀನಿನ ನಾತ ಹೋಗಿ ಯೋಜನದುದ್ದ ಪರಿಮಳ ಹಬ್ಬಿದ್ದು—ದಾಸರು ರಾಗವಾಗಿ ಹಾಡಿದರು, ಜನ ತಲೆದೂಗಿದರು. ಮನೆಗೆ ಬರುವಾಗ ನಮ್ಮವ್ವ ಕೇಳಿದಳು: "ಅಲ್ಲ ಕಣ್ಲಾ, ಆ ಮಂಜು ಯಾರ ಕಣ್ಣಿಗೆ? ಆ ಹುಡ್ಗಿ ಹೂಂ ಅಂದ್ಲೋ ಇಲ್ವೋ ಅಂತ ಅಯ್ನೋರು ಹೇಳ್ನೇ ಇಲ್ವಲ್ಲ?"

ಅಕ್ಷರ ಬಾರದ ಅವ್ವನ ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಮಾಯೆ, ಮಂತ್ರ, ವಶೀಕರಣಗಳ ಪ್ರೇಮಕಥೆಗಳನ್ನು ಓದುತ್ತ ಬಂದಿದ್ದೇನೆ. ಉತ್ತರ ಮಹಾಭಾರತದೊಳಗೇ ಇದೆ. ಆದಿಪರ್ವದಲ್ಲಿ ಈ ಘಟನೆಯನ್ನು ಇಬ್ಬರು ಹೇಳುತ್ತಾರೆ. ಮೊದಲು ಹೇಳುವವನು ವೈಶಂಪಾಯನ. ಅವನ ಪ್ರಕಾರ ಹುಡುಗಿ ಎರಡು ತಕರಾರು ಎತ್ತುತ್ತಾಳೆ. ಎರಡೂ ದಡದಲ್ಲಿ ಋಷಿಗಳು ನಿಂತಿದ್ದಾರೆ. ತಾನು ಅಪ್ಪನ ಅಧೀನದ ಕನ್ಯೆ, ಆಮೇಲೆ ಮನೆಗೆ ಹೋಗುವುದು ಹೇಗೆ? ಮೊದಲನೆಯದಕ್ಕೆ ಮುನಿ ಮಂಜು ಕವಿಸುತ್ತಾನೆ, ಎರಡನೆಯದಕ್ಕೆ ಕನ್ಯತ್ವ ಕೆಡುವುದಿಲ್ಲವೆಂದು ವರ ಕೊಡುತ್ತಾನೆ. ಅವಳು ಸುಗಂಧ ಬೇಡಿ ಪಡೆದು ಸಂತೋಷಪಟ್ಟಳಂತೆ. ಕಥೆ ಮುಗಿಯಿತು.

ಎರಡನೆಯ ಸಲ ಹೇಳುವವಳು ಸತ್ಯವತಿಯೇ. ಮಗ ವಿಚಿತ್ರವೀರ್ಯ ಸತ್ತಿದ್ದಾನೆ, ಅವಳೀಗ ರಾಜಮಾತೆ, ಎದುರಿಗೆ ಭೀಷ್ಮ. ಅಲ್ಲಿ ಅವಳ ಮಾತೇ ಬೇರೆ. ಮುನಿಯ ಶಾಪಕ್ಕೆ ಹೆದರಿದೆ, ಅಪ್ಪನಿಗೂ ಹೆದರಿದೆ, ಎಲ್ಲೂ ಸಿಗದಂಥ ವರಗಳನ್ನು ಅವನು ಮುಂದಿಟ್ಟ, ಬೇಡವೆನ್ನಲು ಆಗಲಿಲ್ಲ, ಇನ್ನೂ ಎಳೆಯವಳಾಗಿದ್ದ ನನ್ನನ್ನು ತನ್ನ ತೇಜಸ್ಸಿನಿಂದ ವಶಮಾಡಿಕೊಂಡ, ಲೋಕಕ್ಕೆ ಕತ್ತಲೆ ಮುಚ್ಚಿದ ಎನ್ನುತ್ತಾಳೆ. ನಾನು ಕೇಳಿದ ಯಾವ ಹರಿಕಥೆಯಲ್ಲೂ ಈ ಎರಡನೆಯ ಸಾಕ್ಷ್ಯ ಬರಲಿಲ್ಲ.

ಇವಳನ್ನು ಅಹಲ್ಯೆಯ ಪಕ್ಕದಲ್ಲಿಟ್ಟು ನೋಡಿ. ಋಷಿಪತ್ನಿಯ ಬಳಿಗೆ ಹೋಗಲು ಇಂದ್ರನಂಥ ಇಂದ್ರನಿಗೂ ಗೌತಮನ ವೇಷ ಬೇಕಾಯಿತು. (ವಾಲ್ಮೀಕಿಯ ಬಾಲಕಾಂಡದಲ್ಲಿ ಅವಳು ಇಂದ್ರನನ್ನು ಗುರುತಿಸಿಯೇ ಒಪ್ಪುತ್ತಾಳೆ, ಆ ಮಾತು ಬೇರೆ.) ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲೂ (1988) ಬೇರಿನ ಮದ್ದಿಗೆ ಮರುಳಾದ ನಾಗ, ರಾಣಿಯ ಗಂಡ ಅಪ್ಪಣ್ಣನ ರೂಪ ತಾಳಿಯೇ ಮನೆಯೊಳಗೆ ಬರಬೇಕು. ವೇಷ ಎಂಬುದು ಮೋಸವೇ ಸರಿ. ಆದರೆ ಇವಳು ಒಲ್ಲೆ ಎನ್ನಬಹುದು ಎಂಬ ಅಳುಕು ಆ ಮೋಸದೊಳಗಿದೆ. ದೋಣಿ ನಡೆಸುವ ಹುಡುಗಿಯ ಮುಂದೆ ಆ ಅಳುಕೂ ಇಲ್ಲ. ಮುನಿ ಮುನಿಯಾಗಿಯೇ ಬರುತ್ತಾನೆ. ಮಾಯೆ ಬೇಕಾದದ್ದು ದಡದ ಮೇಲಿನ ದೊಡ್ಡವರ ಕಣ್ಣು ಮರೆಸಲು ಮಾತ್ರ. ಅವ್ವ ಕೇಳಿದ್ದು ಇದನ್ನೇ.

ಅವಳಿಗೆ ಪರಿಮಳ ಸಿಕ್ಕಿತಲ್ಲ, ಅದರಿಂದಲೇ ಶಂತನು ಬಂದ, ರಾಣಿಯಾದಳಲ್ಲ ಎಂದು ಗೆಳೆಯರು ವಾದಿಸುತ್ತಾರೆ. ಮೀನಿನ ಹೊಟ್ಟೆಯಲ್ಲಿ ಸಿಕ್ಕ ಅವಳಿ ಮಕ್ಕಳಲ್ಲಿ ಗಂಡುಮಗುವನ್ನು ಉಪರಿಚರ ವಸು ಇಟ್ಟುಕೊಂಡು, ನಾತದ ಹೆಣ್ಣುಮಗುವನ್ನು ಬೆಸ್ತನಿಗೆ ಕೊಟ್ಟಿದ್ದನ್ನು ಅವರು ಮರೆಯುತ್ತಾರೆ. ಬೆಸ್ತರನ್ನು ನಮ್ಮಂತೆ ಊರ ಹೊರಗೆ ಇಟ್ಟಿರಲಿಲ್ಲ, ನಿಜ. ಆದರೆ ಸಾಕಿದ ಕುಲದ ವಾಸನೆಯನ್ನು ಮೈಯಿಂದ ತೊಳೆದುಕೊಳ್ಳುವುದೇ ವರ ಎನ್ನುವ ಕಥೆ ನಮಗೆ ಹೊಸದಲ್ಲ. ಕೂಲಿ ಕೊಟ್ಟ ಮಾತ್ರಕ್ಕೆ ಜೀತ ಜೀತವಲ್ಲದೆ ಹೋಗುತ್ತದೆಯೆ?

ಕಾನೂನಿನ ಚರಿತ್ರೆಯೂ ಇದೇ ದಾರಿ ಹಿಡಿದಿದೆ. 1860ರ ದಂಡಸಂಹಿತೆಯ 375ನೇ ಕಲಮು ವೇಷದ ಮೋಸವನ್ನು ಆಗಲೇ ಗುರುತಿಸಿತ್ತು: ತಾನು ಗಂಡನಲ್ಲವೆಂದು ಗೊತ್ತಿದ್ದೂ, ಗಂಡನೆಂದು ನಂಬಿದವಳಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಭಯದ ಮಾತೂ ಅಲ್ಲಿತ್ತು. ಆದರೆ ಅದು ಸಾವಿನ, ಪೆಟ್ಟಿನ ಭಯ. ಎದುರು ನಿಂತವನ ತೇಜಸ್ಸಿನ ಭಯಕ್ಕೆ ಏನು ಗತಿ? 1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ನಡೆದದ್ದು ಮಥುರಾ ಪ್ರಕರಣವೆಂದು ಹೆಸರಾಯಿತು. ಮೈಮೇಲೆ ಗಾಯವಿಲ್ಲ, ಅವಳು ವಿರೋಧಿಸಿದ್ದಕ್ಕೆ ಗುರುತಿಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಪೊಲೀಸರಿಬ್ಬರನ್ನೂ ಬಿಟ್ಟಿತು. ಅಲ್ಲಿ ಖಾಕಿಯೇ ತೇಜಸ್ಸು, ಠಾಣೆಯ ಕತ್ತಲೆಯೇ ಮಂಜು.

1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು. 1983ರ ತಿದ್ದುಪಡಿ ಬಂದ ಮೇಲೆ, ಪೊಲೀಸರ ವಶದಲ್ಲಿದ್ದವಳು ತಾನು ಒಪ್ಪಿರಲಿಲ್ಲ ಎಂದರೆ ಕೋರ್ಟು ಹಾಗೆಂದೇ ಭಾವಿಸಿ ಹೊರಡಬೇಕಾಯಿತು. ಅಮಲೇರಿಸಿ ಪಡೆದ ಒಪ್ಪಿಗೆಯೂ ಆಗಲೇ ಬಿದ್ದುಹೋಯಿತು. ಮದ್ದಿಕ್ಕುವ ಕಥೆಗಳಿಗೆಲ್ಲ ಅದು ಉತ್ತರ. ವಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎನ್ನಕೂಡದೆಂದು ಬರೆಯಲು ಮಾತ್ರ 2013 ಬರಬೇಕಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಭೀಷ್ಮನ ಮುಂದೆ ಸತ್ಯವತಿ ಹೇಳಿದ್ದು ಇದಕ್ಕಿಂತ ಬೇರೆಯೇನಲ್ಲ.

ಮಾಯೆಯ ಪ್ರೇಮಕಥೆ ಬರೆಯುವವರು ಬರೆಯಲಿ, ನನ್ನ ತಕರಾರಿಲ್ಲ. ಕಥೆ ಕೇಳುವ ಆಸೆ ನಮ್ಮವ್ವನಿಗೂ ಇತ್ತು, ಇಲ್ಲದಿದ್ದರೆ ಹುಣಸೆಮರದ ಕೆಳಗೆ ಚಳಿಯಲ್ಲಿ ಯಾಕೆ ಕೂರುತ್ತಿದ್ದಳು? ವಶವಾಗಿದ್ದನ್ನು ಒಲಿದದ್ದು ಎಂದು ಬರೆಯುವ ಮೊದಲು, ದೋಣಿಯಲ್ಲಿದ್ದವಳನ್ನೂ ಒಂದು ಮಾತು ಕೇಳಿ.