ದುರ್ಗದ ಸೀಮೆಯ ಕಾರುಗಳೂ ಸೀಟ್ ಬೆಲ್ಟೂ

ಬಳ್ಳಾರಿಯ ಮಾರ್ಗವು ಬೆಂಗಳೂರು–ಪುಣೆ ಹೆದ್ದಾರಿಯನ್ನು ಹಿರಿಯೂರಿನಲ್ಲಿ ಸಂಧಿಸುವುದರಿಂದಲೂ, ಹೊಳಲ್ಕೆರೆಯ ಮೇಲೆ ಶಿವಮೊಗ್ಗೆಗೆ ಹೋಗುವ ದಾರಿಯು ಚಿತ್ರದುರ್ಗದಲ್ಲಿ ಕವಲೊಡೆಯುವುದರಿಂದಲೂ, ಈ ಸೀಮೆಯವರಿಗೆ ವಾಹನಸಂಚಾರದ ಸೌಕರ್ಯವೂ ಅದರ ಅಪಾಯವೂ ಜೊತೆಜೊತೆಯಾಗಿಯೇ ಪ್ರಾಪ್ತವಾದುವು. ಆದರೂ ಪ್ರಯಾಣಿಕನ ಪ್ರಾಣವನ್ನು ಕಾಯುವುದಕ್ಕೆಂದೇ ನಿರ್ಮಿತವಾದ ಮೂರು ಬೆರಳಗಲದ ಪಟ್ಟಿಯು ನಮ್ಮ ಕಾರುಗಳಿಗೆ ಬಂದದ್ದು ಬಹಳ ತಡವಾಗಿ. ಅದರ ದೋಷವನ್ನು ದೋಷವೆಂದೆಣಿಸುವ ಅಭ್ಯಾಸ ಬಂದದ್ದು ಅದಕ್ಕೂ ತಡವಾಗಿ.

ಎದೆಯನ್ನೂ ಸೊಂಟವನ್ನೂ ಒಂದೇ ಪಟ್ಟಿಯಿಂದ ಬಿಗಿದು ಮೂರು ಕಡೆ ಆತುಕೊಳ್ಳುವ ಬೆಲ್ಟನ್ನು ಸ್ವೀಡನ್ನಿನ ವೋಲ್ವೋ ಸಂಸ್ಥೆಯ ಇಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದನು. ಆ ಸಂಸ್ಥೆಯು ಪೇಟೆಂಟನ್ನು ಇತರ ತಯಾರಕರ ಬಳಕೆಗೂ ಬಿಟ್ಟುಕೊಟ್ಟಿತು. ಅದೇ ಕಾಲಕ್ಕೆ ನಮ್ಮಲ್ಲಿ ಅಂಬಾಸಡರಿನ ಯುಗ ಆರಂಭವಾಗಿತ್ತು. ಅದರ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಹೊಸದುರ್ಗದ ಮದುವೆಗೆ ಹೊರಟ ಬಾಡಿಗೆ ಕಾರಿನಲ್ಲಿ ಡ್ರೈವರನ ಪಕ್ಕಕ್ಕೆ ಇಬ್ಬರು ಹಿರಿಯರೂ ಅವರ ತೊಡೆಯ ಮೇಲೊಂದು ಮಗುವೂ ಕುಳಿತರೆ ಅದನ್ನಾರೂ ಸಾಹಸವೆಂದು ಭಾವಿಸುತ್ತಿರಲಿಲ್ಲ. ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಬೆಲ್ಟು ಕಡ್ಡಾಯವಾದದ್ದು 1994ರಲ್ಲಿ.

ಬೆಲ್ಟು ಬಂದಿತು, ಅದರ ಆರೈಕೆ ಬರಲಿಲ್ಲ. ಆಯುಧಪೂಜೆಯಂದು ಬಾನೆಟ್ಟಿಗೆ ಹಾರವೂ ಚಕ್ರಕ್ಕೆ ನಿಂಬೆಹಣ್ಣೂ ಸಲ್ಲುವಾಗ ಬೆಲ್ಟಿನ ಕಡೆಗೆ ಯಾರ ದೃಷ್ಟಿಯೂ ಹೊರಳದು. ಬಾಗಿಲ ಬದಿಯ ಕಂಬದೊಳಗಿನ ಉರುಳೆಯೊಂದಕ್ಕೆ ಪಟ್ಟಿಯನ್ನು ಹಿಂದಕ್ಕೆಳೆಯುವ ಸ್ಪ್ರಿಂಗಿದ್ದು, ಕಾರು ಹಠಾತ್ತನೆ ನಿಂತಾಗ ಉರುಳೆಯ ಹಲ್ಲಿಗೆ ಕೊಕ್ಕೆ ಸಿಕ್ಕಿ ಪಟ್ಟಿಯು ಬಿಗಿಯಾಗಿ ನಿಲ್ಲುತ್ತದೆ. ಭೀಮಸಮುದ್ರದ ಕಡೆಯ ಅದಿರಿನ ಕೆಂಧೂಳೂ ಮೈಬೆವರಿನ ಜಿಡ್ಡೂ ಪಟ್ಟಿಯು ಹಾದುಬರುವ ಮೇಲಿನ ಬಳೆಗೆ ಮೆತ್ತಿಕೊಂಡರೆ ಪಟ್ಟಿ ಹಿಂದಿರುಗದೆ ಜೋಲುತ್ತದೆ. ಜೋತದ್ದು ಬಾಗಿಲಿಗೆ ಸಿಕ್ಕುತ್ತದೆ. ಸಿಕ್ಕಿದ ಅಂಚು ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ಹೊಲಿಸಿಕೊಳ್ಳುವವರುಂಟು, ಪೊಲೀಸರು ಕಂಡಾಗ ಮಾತ್ರ ಹೆಗಲಿಗೆಳೆದುಕೊಳ್ಳುವವರುಂಟು, ಹಿಂದಿನ ಸೀಟಿನ ಬಕಲುಗಳನ್ನು ಹೊಸ ಸೀಟ್ ಕವರಿನಡಿ ಹುಗಿದವರೂ ಉಂಟು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಬೆಲ್ಟು ಕಟ್ಟದಿದ್ದರೆ ಮೊಳಗುವ ಎಚ್ಚರಿಕೆಯ ಸದ್ದು ಕಡ್ಡಾಯವಾದ ಮೇಲೆ ಆ ಸದ್ದನ್ನಡಗಿಸುವ ಹುಸಿ ಕ್ಲಿಪ್ಪುಗಳ ವ್ಯಾಪಾರವೂ ನಡೆದು, 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅವುಗಳನ್ನು ಮಾರಾಟದಿಂದ ತೆಗೆಯುವಂತೆ ಆನ್‌ಲೈನ್ ವ್ಯಾಪಾರಿಗಳಿಗೆ ಆಜ್ಞಾಪಿಸಬೇಕಾಯಿತು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಖೇದಕರವಾಗಿ ತೋರುವುದು ಇದೇ.

ದೋಷವೆಲ್ಲ ಮಾಲೀಕನದೆನ್ನುವುದೂ ಅನ್ಯಾಯ. 2022ರ ಡಿಸೆಂಬರಿನಲ್ಲಿ ಮಾರುತಿ ಸುಜುಕಿಯು ಮುಂದಿನ ಬೆಲ್ಟಿನ ಎತ್ತರ ಹೊಂದಿಸುವ ಭಾಗದಲ್ಲಿ ದೋಷವಿರಬಹುದೆಂದು 9,125 ಕಾರುಗಳನ್ನೂ, ಮರುತಿಂಗಳು ಹಿಂದಿನ ಬೆಲ್ಟಿನ ಬ್ರಾಕೆಟ್ಟಿನ ಸಲುವಾಗಿ 11,177 ಗ್ರಾಂಡ್ ವಿಟಾರಾ ಕಾರುಗಳನ್ನೂ ತಾನಾಗಿ ಹಿಂದಕ್ಕೆ ಕರೆಯಿತು. ಕಾರ್ಖಾನೆಯಿಂದ ಹೊಸತಾಗಿ ಹೊರಟ ಬೆಲ್ಟೂ ಕೈಕೊಡಬಹುದೆಂಬುದು ಇದರಿಂದ ಸ್ಪಷ್ಟ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ 110-ಎ ಪ್ರಕರಣವಂತೂ ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಯಿರೆಂದು ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೇ ಕೊಟ್ಟಿದೆ.

ಆದಕಾರಣ, ಹೊಳಲ್ಕೆರೆಯಿಂದಾಗಲಿ ಹೊಸದುರ್ಗದಿಂದಾಗಲಿ ಹೆದ್ದಾರಿಗೆ ಹೊರಡುವ ಓದುಗರು ಒಮ್ಮೆ ಪಟ್ಟಿಯನ್ನು ಪೂರ್ತಿಯಾಗಿ ಎಳೆದು ಅದರ ಅಂಚನ್ನು ನೋಡಿರಿ. ಜಗ್ಗಿದಾಗ ತಡೆಯದ, ಬಿಟ್ಟಾಗ ಹಿಂದಿರುಗದ ಬೆಲ್ಟನ್ನೂ, ಅಪಘಾತದ ಭಾರವನ್ನು ಒಮ್ಮೆ ತಾಳಿದ ಬೆಲ್ಟನ್ನೂ ಹೊಲಿಸದೆ ಬದಲಿಸಿರಿ. ಕಾರಿನ ಚಾಸಿ ನಂಬರನ್ನು ಕೊಟ್ಟು ಅದು ಹಿಂದಕ್ಕೆ ಕರೆದ ವಾಹನಗಳಲ್ಲಿ ಸೇರಿದೆಯೇ ಎಂದು ಶೋರೂಮಿನಲ್ಲಿ ವಿಚಾರಿಸಿರಿ. ಸೇರಿದ್ದರೆ ದುರಸ್ತಿಗೆ ಹಣ ಕೊಡಬೇಕಾಗಿಲ್ಲ.